ತಾಳ ಹಿಡಿಯುವ ಪೆಟ್ಟಿಗೆ ಒಂದೇ ಇರಲಿ

ಪ್ರಶ್ನೆ: ನಾವು ಮೂವರು ಗೆಳೆಯರು. ಒಬ್ಬ ಹಿಂದೂಸ್ತಾನಿ ಕಲಿತ ಹಾಡುಗಾರ, ಇನ್ನೊಬ್ಬ ಕೀಬೋರ್ಡ್ ನುಡಿಸುತ್ತಾನೆ, ನನ್ನದು ಗಿಟಾರ್. ಲ್ಯಾಪ್‌ಟಾಪ್ ಇಲ್ಲದೆ, ಕರೆಂಟಿನ ಹಂಗಿಲ್ಲದೆ, ತಾರಸಿಯಲ್ಲೋ ಗುಡ್ಡದ ಮೇಲೋ ಕೂತು ಲೂಪ್ ಮಾಡುತ್ತ ಎಲೆಕ್ಟ್ರಾನಿಕ್ ಸಂಗೀತ ನುಡಿಸಬೇಕೆಂಬ ಆಸೆ. ವಿಡಿಯೊಗಳಲ್ಲಿ ಹತ್ತಾರು ಪೆಟ್ಟಿಗೆ, ರಾಶಿ ವೈರು ನೋಡಿ ತಲೆ ಕೆಟ್ಟಿದೆ. ಒಂದೇ ಬ್ಯಾಗಿನಲ್ಲಿ ಹಿಡಿಸುವಂತೆ ಏನೇನು ಕೊಳ್ಳಬೇಕು? ಝಪ್‌ತಾಲ್, ರೂಪಕ್‌ನಂಥ ತಾಳಗಳಿಗೆ ಈ ಯಂತ್ರಗಳು ಒಗ್ಗುತ್ತವೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಏನು ಕೊಳ್ಳಬೇಕು ಎಂಬುದು ಎರಡನೆಯ ಪ್ರಶ್ನೆ. ಕೊಂಡ ಪೆಟ್ಟಿಗೆಗಳಲ್ಲಿ ತಾಳ ಹಿಡಿಯುವುದು ಯಾವುದು ಎಂಬುದು ಮೊದಲನೆಯದು. ಇದನ್ನು ತೀರ್ಮಾನಿಸದೆ ಅಂಗಡಿಗೆ ಹೋದವರ ಮನೆಯಲ್ಲೇ ಹತ್ತಾರು ಯಂತ್ರಗಳು ಧೂಳು ತಿನ್ನುತ್ತಿರುವುದು.

ಲೂಪರ್ ಮಾಡುವ ಕೆಲಸ ಸರಳ. ಪೆಡಲ್ ಒಮ್ಮೆ ತುಳಿದರೆ ಮುದ್ರಣ ಶುರು, ಮತ್ತೊಮ್ಮೆ ತುಳಿದರೆ ಮುಗಿಯಿತು. ಮುದ್ರಿಸಿದ ತುಣುಕು ಆ ಕ್ಷಣದಿಂದಲೇ ಸುತ್ತತೊಡಗುತ್ತದೆ. ಅದರ ಮೇಲೆ ಇನ್ನೊಂದು ಪದರ, ಆಮೇಲೆ ಮತ್ತೊಂದು. ಒಬ್ಬರೇ ಕೂತು ನುಡಿಸಲು ಇಷ್ಟು ಸಾಕು. ಪಕ್ಕದಲ್ಲಿ ಡ್ರಮ್ ಮಷೀನೊಂದು ಓಡುತ್ತಿದ್ದರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ. ನಿಮಿಷಕ್ಕೆ 120 ಮಾತ್ರೆಯ ಲಯದಲ್ಲಿ ತೀನ್‌ತಾಲ್‌ನ ಒಂದು ಆವರ್ತನಕ್ಕೆ ಸರಿಯಾಗಿ 8 ಸೆಕೆಂಡು. ಎರಡನೆಯ ಸಲ ತುಳಿಯುವಾಗ ನಿಮ್ಮ ಕಾಲು 40 ಮಿಲಿಸೆಕೆಂಡು ತಡವಾಗಿ ಇಳಿಯಿತೆನ್ನಿ. ಆಗ ಯಾರ ಕಿವಿಗೂ ಅದು ಗೊತ್ತಾಗುವುದಿಲ್ಲ. ಆದರೆ ಸುತ್ತುಸುತ್ತಿಗೂ ಅಷ್ಟಷ್ಟೇ ಸೇರುತ್ತ ಹೋಗಿ ಹನ್ನೆರಡನೆಯ ಸುತ್ತಿನ ಹೊತ್ತಿಗೆ ವ್ಯತ್ಯಾಸ ಅರ್ಧ ಸೆಕೆಂಡಿನ ಸಮೀಪ ಬಂದಿರುತ್ತದೆ. ಅರ್ಧ ಸೆಕೆಂಡು ಎಂದರೆ ಇಡೀ ಒಂದು ಮಾತ್ರೆ. ಒಂದೂವರೆ ನಿಮಿಷದಲ್ಲಿ ಲೂಪಿನ ಸಮ (ಆವರ್ತನದ ಮೊದಲ ಮಾತ್ರೆ) ಒಂದು ಕಡೆ, ಡ್ರಮ್ಮಿನ ಸಮ ಇನ್ನೊಂದು ಕಡೆ, ಹಾಡುಗಾರ ನಡುವೆ ಕಕ್ಕಾಬಿಕ್ಕಿ.

ಇದಕ್ಕೆ ಮದ್ದು 1983ರಲ್ಲೇ ಬಂದಿದೆ. ಮಿಡಿ ಎಂಬ ವ್ಯವಸ್ಥೆಯಲ್ಲಿ ಯಜಮಾನ ಯಂತ್ರ ಪ್ರತಿ ಬೀಟಿಗೆ 24 ಸಲ ಮಿಡಿಯುತ್ತದೆ, ಉಳಿದವು ಆ ಮಿಡಿತವನ್ನು ಎಣಿಸುತ್ತ ಹಿಂಬಾಲಿಸುತ್ತವೆ. ಹಾಗಾಗಿ ಲೂಪರ್ ಆರಿಸುವಾಗ ಎಷ್ಟು ಗಂಟೆ ಮುದ್ರಿಸುತ್ತದೆ ಎಂದು ಕೇಳಬೇಡಿ, ಮಿಡಿ ಕ್ಲಾಕ್ ಕೇಳಿಸಿಕೊಳ್ಳುತ್ತದೆಯೇ ಎಂದು ಕೇಳಿ. ಬಾಸ್ ಕಂಪನಿಯ ಆರ್‌ಸಿ-1 ಅಗ್ಗ, ಗಟ್ಟಿಮುಟ್ಟು, ಒಂಟಿ ಗಿಟಾರಿಗನಿಗೆ ಹೇಳಿ ಮಾಡಿಸಿದ್ದು. ಆದರೆ ಅದಕ್ಕೆ ಮಿಡಿ ಕಿವಿಯೇ ಇಲ್ಲ. ಅದೇ ಗಾತ್ರದ ಆರ್‌ಸಿ-5ಕ್ಕೆ ಇದೆ. ನಿಮಗೆ ಬೇಕಾದದ್ದು ಎರಡನೆಯದು.

ಮುದ್ರಣದ ಅವಧಿಯ ಚಿಂತೆ ಹಳೆಯ ಕಾಲದ್ದು. 1963ರಲ್ಲಿ ಪ್ಯಾರಿಸ್ಸಿನಲ್ಲಿ ಟೆರಿ ರೈಲಿ ಎಂಬ ಅಮೆರಿಕನ್ ಸಂಗೀತಗಾರ ಚೆಟ್ ಬೇಕರ್ ಅವರ ಟ್ರಂಪೆಟ್ ವಾದನವನ್ನು ಎರಡು ಟೇಪ್ ಯಂತ್ರಗಳ ನಡುವೆ ಹರಿಯಬಿಟ್ಟರು. ಒಂದು ಯಂತ್ರ ಮುದ್ರಿಸುತ್ತದೆ, ಅದೇ ಟೇಪು ಮುಂದೆ ಸಾಗಿ ಎರಡನೆಯದರಲ್ಲಿ ನುಡಿಯುತ್ತದೆ. ನಡುವಿನ ದೂರವೇ ಲೂಪಿನ ಉದ್ದ: ಸೆಕೆಂಡಿಗೆ ಏಳೂವರೆ ಇಂಚು ಓಡುವ ಟೇಪಿಗೆ 45 ಇಂಚು ಅಂತರ ಕೊಟ್ಟರೆ 6 ಸೆಕೆಂಡು. ಹತ್ತು ವರ್ಷದ ಬಳಿಕ ಬ್ರಯಾನ್ ಈನೊ, ರಾಬರ್ಟ್ ಫ್ರಿಪ್ ಇದೇ ಉಪಾಯದಲ್ಲಿ ಒಂದು ಆಲ್ಬಮ್ಮನ್ನೇ ಮಾಡಿದರು. 1994ರ ಲೆಕ್ಸಿಕನ್ ಜ್ಯಾಮ್‌ಮ್ಯಾನ್ ಯಂತ್ರ ಕೈಗೆ ಬಂದಾಗ ಅದರಲ್ಲಿದ್ದದ್ದು 8 ಸೆಕೆಂಡಿನ ನೆನಪು. ಈಗಿನ ಆರ್‌ಸಿ-5ರಲ್ಲಿ 13 ಗಂಟೆ. ಅಂದಹಾಗೆ, ಧಾರವಾಡದವರಾದ ನಿಮಗೆ ಇದನ್ನು ಹೇಳಲೇಬೇಕು: ಆ ಟೆರಿ ರೈಲಿ 1970ರಲ್ಲಿ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರದು ಕಿರಾನಾ ಘರಾನೆ. ನಿಮ್ಮೂರ ಸೀಮೆಯ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರದೂ ಅದೇ. ಆ ಘರಾನೆಯ ನಿಧಾನದ ಆಲಾಪಕ್ಕೂ ಸುತ್ತುವ ಟೇಪಿಗೂ ಹೊಂದಿಕೆಯಾದದ್ದು ನನಗೇನೂ ಆಶ್ಚರ್ಯವಲ್ಲ.

ಈಗ ಬ್ಯಾಗು. ಮೂರು ಪೆಟ್ಟಿಗೆ ಸಾಕು. ತಾಳಕ್ಕೆ ರೋಲಂಡ್‌ನ ಐರಾ ಕಾಂಪ್ಯಾಕ್ಟ್ ಟಿ-8: ಅಂಗೈ ಗಾತ್ರ, ಒಳಗೇ ಚಾರ್ಜ್ ಆಗುವ ಬ್ಯಾಟರಿ, ಡ್ರಮ್ ಜತೆಗೆ ಒಂದು ಬೇಸ್ ಸಿಂಥ್ ಕೂಡ ಇದೆ. ಲೂಪಿಗೆ ಆರ್‌ಸಿ-5. ಮೂವರನ್ನೂ ಒಟ್ಟುಗೂಡಿಸಲು ಒಂದು ಪುಟ್ಟ ಮಿಕ್ಸರ್. ಯಮಹಾದ ಎಜಿ03 ಯುಎಸ್‌ಬಿಯ 5 ವೋಲ್ಟಿನಲ್ಲೇ ನಡೆಯುತ್ತದಾದ್ದರಿಂದ ಪವರ್ ಬ್ಯಾಂಕ್ ಸಾಕಾಗುತ್ತದೆ, ಮೈಕು, ಗಿಟಾರು ಎರಡನ್ನೂ ಅದಕ್ಕೆ ನೇರವಾಗಿ ಚುಚ್ಚಬಹುದು. ಹಾಡುಗಾರನ ಮೈಕನ್ನು ಆರ್‌ಸಿ-5ಕ್ಕೇ ಚುಚ್ಚುವ ಆಸೆ ಬೇಡ. ಆ ಪೆಡಲ್ ಗಿಟಾರಿಗಾಗಿ ಮಾಡಿದ್ದು. ಮೈಕಿನ ಸದ್ದು ಅದಕ್ಕೆ ತೀರ ಕ್ಷೀಣ, ಮಿಕ್ಸರ್‌ನಿಂದ ಬರುವ ಸದ್ದು ಜೋರು. ಮಿಕ್ಸರ್‌ನ ವಾಲ್ಯೂಮ್ ಕೆಳಗಿಟ್ಟು ಶುರುಮಾಡಿ.

ಜೋಡಣೆಯ ಕ್ರಮ ಮುಖ್ಯ. ಮೈಕು, ಗಿಟಾರು, ಕೀಬೋರ್ಡು ಮಿಕ್ಸರ್‌ಗೆ, ಮಿಕ್ಸರ್ ಲೂಪರ್‌ಗೆ, ಲೂಪರ್ ಟಿ-8ರ ‘ಮಿಕ್ಸ್ ಇನ್’ಗೆ, ಟಿ-8 ಸ್ಪೀಕರ್‌ಗೆ. ಟಿ-8ರ ಮಿಡಿ ಔಟ್‌ನಿಂದ ಲೂಪರ್‌ನ ಮಿಡಿ ಇನ್‌ಗೆ ಬೇರೊಂದು ವೈರು. ಡ್ರಮ್ಮು ಲೂಪರ್ ಮೂಲಕ ಹಾಯುವುದೇ ಇಲ್ಲ ಎಂಬುದನ್ನು ಗಮನಿಸಿ. ಅದನ್ನೂ ಲೂಪರ್ ಒಳಗೆ ಬಿಟ್ಟರೆ ಪ್ರತಿ ಪದರದಲ್ಲೂ ಡ್ರಮ್ಮು ಮುದ್ರಣವಾಗಿ, ನಾಲ್ಕನೆಯ ಪದರಕ್ಕೆ ಬರೀ ದಬದಬ ಉಳಿಯುತ್ತದೆ, ಆಮೇಲೆ ತಾಳ ಬದಲಿಸುವ ದಾರಿಯೂ ಮುಚ್ಚುತ್ತದೆ.

ವೈರಿನಲ್ಲಿ ಒಂದು ಮೋಸವಿದೆ. ಈ ಪುಟ್ಟ ಯಂತ್ರಗಳ ಬೆನ್ನಿನಲ್ಲಿ ಇಯರ್‌ಫೋನ್ ಅಳತೆಯ ಮೂರೂವರೆ ಮಿಲಿಮೀಟರಿನ ತೂತುಗಳು ಸಾಲಾಗಿರುತ್ತವೆ. ಒಂದರಲ್ಲಿ ಸದ್ದು, ಇನ್ನೊಂದರಲ್ಲಿ ಸಿಂಕ್, ಮತ್ತೊಂದರಲ್ಲಿ ಮಿಡಿ. ಕೊರ್ಗ್ ಕಂಪನಿಯ ವೋಲ್ಕಾ ಸಿಂಥ್‌ಗಳು ಸಿಂಕ್‌ನಲ್ಲಿ ಬೀಟಿಗೆ ಎರಡೇ ಮಿಡಿತ ಕಳಿಸುತ್ತವೆ. 24 ನಿರೀಕ್ಷಿಸುವ ಮಿಡಿ ತೂತಿಗೆ ಅದನ್ನು ಚುಚ್ಚಿದರೆ ಏನೂ ಆಗುವುದಿಲ್ಲ, ಯಂತ್ರ ಕೆಟ್ಟಿದೆ ಎಂದು ನೀವು ರಿಪೇರಿಗೆ ಒಯ್ಯುತ್ತೀರಿ. ಮಿಡಿ ವೈರಿನಲ್ಲೂ ಎ ಮತ್ತು ಬಿ ಎಂದು ಎರಡು ಜಾತಿ. ರೋಲಂಡ್, ಬಾಸ್, ಕೊರ್ಗ್ ಎ ಜಾತಿಯವು, ಹಳೆಯ ಆರ್ಟೂರಿಯಾ ಯಂತ್ರಗಳು ಬಿ. ಮನೆಗೆ ಬಂದ ಕೂಡಲೇ ಪ್ರತಿ ವೈರಿಗೂ ಬಣ್ಣದ ಟೇಪು ಸುತ್ತಿ.

ಕರೆಂಟಿನ ವಿಷಯದಲ್ಲಿ ಇನ್ನೂ ಹುಷಾರು. ಗಿಟಾರ್ ಪೆಡಲ್‌ಗಳಿಗೆ 9 ವೋಲ್ಟ್ ಬೇಕು. ಪವರ್ ಬ್ಯಾಂಕ್ ಕೊಡುವುದು 5. ಐದನ್ನು ಒಂಬತ್ತಾಗಿಸುವ ಕೇಬಲ್ ಸಿಗುತ್ತದೆ. ಆದರೆ ಬಾಸ್ ಪೆಡಲ್‌ಗಳ ಪಿನ್ನಿನ ನಡುಭಾಗ ಮೈನಸ್, ವೋಲ್ಕಾಗಳದ್ದು ಪ್ಲಸ್. ಎರಡೂ 9 ವೋಲ್ಟೇ, ಆದ್ದರಿಂದ ಒಂದರ ಅಡಾಪ್ಟರನ್ನು ಇನ್ನೊಂದಕ್ಕೆ ಚುಚ್ಚುವ ಮನಸ್ಸಾಗುತ್ತದೆ. ಚುಚ್ಚಬೇಡಿ. ಅಡಾಪ್ಟರ್ ಮೇಲೆ ಮುದ್ರಿಸಿರುವ ಪುಟ್ಟ ವೃತ್ತದ ಚಿತ್ರವನ್ನು ಯಂತ್ರದ ಮೇಲಿನ ಚಿತ್ರದೊಂದಿಗೆ ಹೋಲಿಸಿ ನೋಡುವುದು ಅಭ್ಯಾಸವಾಗಲಿ. ಇನ್ನೊಂದು ತರಲೆ: ಎಷ್ಟೋ ಪವರ್ ಬ್ಯಾಂಕುಗಳು ಎಳೆಯುವ ಕರೆಂಟು ತೀರ ಕಡಿಮೆಯಾದರೆ ಫೋನ್ ಚಾರ್ಜ್ ಮುಗಿಯಿತೆಂದುಕೊಂಡು ತಾವೇ ಆಫ್ ಆಗಿಬಿಡುತ್ತವೆ. ಎಲ್ಲ ಯಂತ್ರಗಳನ್ನೂ ಒಂದೇ ಪವರ್ ಬ್ಯಾಂಕಿಗೆ ಕಟ್ಟಿದರೆ ಸ್ಪೀಕರಿನಲ್ಲಿ ‘ಗುಂಯ್’ ಎನ್ನುವುದೂ ಉಂಟು. 10,000 ಎಂಎಎಚ್‌ನ ಎರಡು ಬೇರೆಬೇರೆ ಪವರ್ ಬ್ಯಾಂಕ್ ಇಟ್ಟುಕೊಳ್ಳಿ, ಒಂದು ಲೂಪರ್‌ಗೆ, ಒಂದು ಮಿಕ್ಸರ್‌ಗೆ. ಟಿ-8 ತನ್ನ ಬ್ಯಾಟರಿಯಲ್ಲಿ ನಡೆದುಕೊಳ್ಳಲಿ.

ಬ್ಲೂಟೂತ್ ಮಾತ್ರ ಯಾವ ಕಾರಣಕ್ಕೂ ಬೇಡ, ಸ್ಪೀಕರಿಗೂ ಬೇಡ, ಇಯರ್‌ಫೋನಿಗೂ ಬೇಡ. ಅದರಲ್ಲಿ ಸದ್ದು ನೂರಿನ್ನೂರು ಮಿಲಿಸೆಕೆಂಡು ತಡವಾಗಿ ಬರುವುದು ಸಾಮಾನ್ಯ. 120ರ ಲಯದಲ್ಲಿ ಕಾಲು ಮಾತ್ರೆ ಎಂದರೆ 125 ಮಿಲಿಸೆಕೆಂಡು. ಸಿನಿಮಾ ನೋಡುವಾಗ ಪರವಾಗಿಲ್ಲ, ಲೂಪ್ ಮಾಡುವಾಗ ಅಷ್ಟು ಸಾಕು ಹಾಳಾಗಲು. ಆಕ್ಸ್ ತೂತಿರುವ ಬ್ಯಾಟರಿ ಸ್ಪೀಕರ್ ಕೊಂಡು ವೈರಿನಲ್ಲೇ ಜೋಡಿಸಿ.

ನಿಮ್ಮ ತಾಳದ ಪ್ರಶ್ನೆಗೆ ಉತ್ತರ: ಒಗ್ಗುತ್ತವೆ, ಚೆನ್ನಾಗಿಯೇ ಒಗ್ಗುತ್ತವೆ. ಟಿ-8ರಲ್ಲಿ ಪೆಟ್ಟುಗಳನ್ನು ಕೂರಿಸಲು 32 ಮನೆಗಳಿವೆ (ಸ್ಟೆಪ್). ಮಾತ್ರೆಗೆ ಎರಡು ಮನೆಯಂತೆ ಹಂಚಿದರೆ ತೀನ್‌ತಾಲ್ ಪೂರ್ತಿ ತುಂಬುತ್ತದೆ. ಮನೆಗಳ ಸಂಖ್ಯೆಯನ್ನು 20ಕ್ಕೆ ಇಳಿಸಿದರೆ ಝಪ್‌ತಾಲ್, 14ಕ್ಕೆ ಇಳಿಸಿದರೆ ರೂಪಕ್. ಯಂತ್ರ ನಾಲ್ಕು ಮನೆಗೆ ಒಂದು ಬೀಟೆಂದು ಎಣಿಸುವುದರಿಂದ, ನಿಮಗೆ ನಿಮಿಷಕ್ಕೆ 120 ಮಾತ್ರೆ ಬೇಕಿದ್ದರೆ ಅದಕ್ಕೆ 60 ಎಂದು ಹೇಳಬೇಕು. ಲೂಪರ್‌ನಲ್ಲೂ ಮುದ್ರಣಕ್ಕೆ ಮುಂಚೆಯೇ ಝಪ್‌ತಾಲ್‌ಗೆ 5/4, ರೂಪಕ್‌ಗೆ 7/8 ಎಂದು ಬೀಟ್ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಅದು ನಾಲ್ಕರ ಲೆಕ್ಕದಲ್ಲೇ ಸುತ್ತುತ್ತದೆ.

ಹಾಡುಗಾರನಿಗೊಂದು ಸೂಚನೆ. ಬಂದಿಶ್‌ನ ಮುಖಡಾ ಒಂಬತ್ತನೆಯ ಮಾತ್ರೆಯಿಂದ ಎದ್ದರೂ ಪೆಡಲನ್ನು ಸಮದ ಮೇಲೇ ತುಳಿಯಬೇಕು. ಎಂಟು ಮಾತ್ರೆಯ ಮೌನವೂ ಮುದ್ರಣವಾಗಲಿ, ಮುಂದಿನ ಸುತ್ತುಗಳಲ್ಲಿ ಆ ಖಾಲಿ ಜಾಗವೇ ಕೀಬೋರ್ಡಿಗೆ ಅವಕಾಶ. ತಂಬೂರಿಯನ್ನು ಲೂಪ್ ಮಾಡಲೇಬೇಡಿ: ತುಣುಕಿನ ತುದಿ-ಮೊದಲು ಕೂಡುವಲ್ಲಿ ಪ್ರತಿ ಸುತ್ತಿಗೂ ಒಂದು ‘ಟಕ್’ ಕೇಳಿಸುತ್ತದೆ. ಬೆಂಗಳೂರಿನ ರಾಡೆಲ್‌ನಂಥ ಕಂಪನಿಗಳ ಎಲೆಕ್ಟ್ರಾನಿಕ್ ತಂಬೂರಿ ಅಥವಾ ಫೋನಿನ ಆ್ಯಪ್ ಪಕ್ಕದಲ್ಲಿ ತನ್ನಷ್ಟಕ್ಕೆ ನುಡಿಯುತ್ತಿರಲಿ. ಶ್ರುತಿಯನ್ನು ಮಾತ್ರ ಕೀಬೋರ್ಡಿನ ಒಂದು ಮನೆಗೆ ಸರಿಯಾಗಿ ಕೂರಿಸಿ, ಎರಡು ಮನೆಗಳ ನಡುವೆ ಬೇಡ.

ಪೆಡಲ್ ಒಬ್ಬರ ಕಾಲಡಿಯಲ್ಲೇ ಇರಲಿ. ಮೂವರೂ ತುಳಿಯುವ ತಂಡದಲ್ಲಿ ಯಾರೂ ಅಳಿಸುವುದಿಲ್ಲ, ಎಲ್ಲರೂ ಸೇರಿಸುತ್ತಲೇ ಹೋಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೂರು ಪದರಕ್ಕಿಂತ ಹೆಚ್ಚು ಬೇಕಾದ ಲೂಪು ಅಪರೂಪ.

ಇಷ್ಟಕ್ಕೂ ದುಡ್ಡು ಹಾಕುವ ಮೊದಲು ಕೆಲವು ನೂರು ರೂಪಾಯಿಗೆ ಸಿಗುವ ಕೋಆಲಾ ಸ್ಯಾಂಪ್ಲರ್ ಎಂಬ ಆ್ಯಪನ್ನು ಫೋನಿಗೆ ಹಾಕಿಕೊಂಡು ಒಂದು ತಿಂಗಳು ಆಡಿ ನೋಡಿ. ಆಂಡ್ರಾಯ್ಡಿನಲ್ಲೂ ಐಫೋನಿನಲ್ಲೂ ಇದೆ. ಚಪ್ಪಾಳೆ, ತಟ್ಟೆ, ನಿಮ್ಮದೇ ದನಿ, ಏನು ಬೇಕಾದರೂ ಮುದ್ರಿಸಿ ಸುತ್ತಿಸಬಹುದು. ತಿಂಗಳ ಕೊನೆಗೆ ಆಸೆ ಉಳಿದಿದ್ದರೆ ಮೊದಲು ಟಿ-8 ಕೊಳ್ಳಿ, ಆಮೇಲೆ ಲೂಪರ್, ಮಿಕ್ಸರ್ ಕೊನೆಗೆ. ಗುಡ್ಡಕ್ಕೆ ಹೋಗುವಾಗ ಹೆಡ್‌ಫೋನ್ ಸ್ಪ್ಲಿಟರ್ ಒಂದನ್ನು ಮರೆಯಬೇಡಿ: ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದನ್ನು 2000ದ ಶಬ್ದಮಾಲಿನ್ಯ ನಿಯಮಗಳು ನಿಷೇಧಿಸಿವೆ, ಹಗಲಿನಲ್ಲೂ ಅನುಮತಿ ಬೇಕು.