ಚಲಿಸುವ ನಕ್ಷೆ: ವಿಮಾನದ ಜಿಪಿಎಸ್ ಉಪಕರಣದ ಪ್ರಾಥಮಿಕ ಬಳಕೆ

ವ್ಯವಹಾರದ ಪ್ರಯಾಣಕ್ಕಾಗಿ ಸಣ್ಣ ವಿಮಾನವನ್ನು ಬಾಡಿಗೆಗೆ ಪಡೆಯುವ ಅಥವಾ ಸ್ವಂತಕ್ಕೆ ಕೊಳ್ಳುವ ಉದ್ಯಮಗಳು ಇಂದು ಅಪರೂಪವಲ್ಲ. ಅಂತಹ ವಿಮಾನದಲ್ಲಿ ಚಾಲಕನ ಮುಂದೆ ಬಣ್ಣದ ಪರದೆಯೊಂದಿದ್ದು, ಅದರ ಮೇಲೆ ನಕ್ಷೆ ಸರಿಯುತ್ತಿರುತ್ತದೆ. ಈ ನಕ್ಷೆಯನ್ನು ಒಂದು ಲೆಕ್ಕಪತ್ರವೆಂದೇ ತಿಳಿಯಬಹುದು. ಮೂಲ ನಮೂದು ತಪ್ಪಿದ್ದರೆ ಅಂತಿಮ ಪುಟ ಎಷ್ಟು ಅಚ್ಚುಕಟ್ಟಾಗಿದ್ದರೂ ಪ್ರಯೋಜನವಿಲ್ಲ. ಲೆಕ್ಕಪತ್ರದಲ್ಲಿ ಅದರಿಂದ ಹಣ ನಷ್ಟವಾದರೆ, ಇಲ್ಲಿ ಜೀವಹಾನಿಯೇ ಆಗಬಹುದು.

1. ಕಾರ್ಯತತ್ವ

ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತವೆ. ಪ್ರತಿಯೊಂದು ಉಪಗ್ರಹವೂ ತಾನಿರುವ ಸ್ಥಳವನ್ನೂ ಸಂಕೇತ ಹೊರಟ ಕ್ಷಣವನ್ನೂ ಪ್ರಸಾರ ಮಾಡುತ್ತದೆ. ಸಂಕೇತ ತಲುಪಲು ತಗಲಿದ ಸಮಯದಿಂದ ಉಪಕರಣವು ದೂರವನ್ನು ಗಣಿಸುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ ಹಾಗೂ ತನ್ನ ಗಡಿಯಾರದ ವ್ಯತ್ಯಾಸ ಎಂಬ ನಾಲ್ಕು ಅಂಶಗಳನ್ನು ಕಂಡುಹಿಡಿಯಲು ಕನಿಷ್ಠ 4 ಉಪಗ್ರಹಗಳು ಅವಶ್ಯಕ. ಹೀಗೆ ದೊರೆತ ಸ್ಥಾನವನ್ನು ತನ್ನೊಳಗಿನ ದತ್ತಾಂಶ ಸಂಗ್ರಹದೊಡನೆ ಹೊಂದಿಸಿ ಅದು ನಕ್ಷೆಯನ್ನು ತೋರಿಸುತ್ತದೆ. ಆದುದರಿಂದ ನಕ್ಷೆಯ ಸತ್ಯತೆ ಮೂರು ಆಧಾರಗಳ ಮೇಲೆ ನಿಂತಿದೆ: ದತ್ತಾಂಶ, ಚಾಲಕನ ನಮೂದು ಮತ್ತು ಉಪಗ್ರಹ ಸಂಕೇತ.

ಉದಾಹರಣೆಗೆ, ಗಾರ್ಮಿನ್ ಸಂಸ್ಥೆಯು 1998ರಲ್ಲಿ ಪರಿಚಯಿಸಿದ ಜಿಎನ್‌ಎಸ್ 430 ಉಪಕರಣವನ್ನು ತೆಗೆದುಕೊಳ್ಳಬಹುದು. ಇದರ ತಯಾರಿಕೆ ನಿಂತಿದ್ದರೂ ಹಳೆಯ ಸಣ್ಣ ವಿಮಾನಗಳಲ್ಲಿ ಇದು ಇನ್ನೂ ಬಳಕೆಯಲ್ಲಿದೆ. ಇದನ್ನು ಕಲಿತವನಿಗೆ ಹೊಸ ಮಾದರಿಗಳ ಕ್ರಮ ಅಪರಿಚಿತವೆನಿಸದು.

2. ದತ್ತಾಂಶದ ಅವಧಿ

ಉಪಕರಣವನ್ನು ಚಾಲನೆಗೊಳಿಸಿದೊಡನೆ ಅದು ಸ್ವಯಂಪರೀಕ್ಷೆ ನಡೆಸಿ, ದತ್ತಾಂಶ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಊರ್ಜಿತವೆಂಬುದನ್ನು ತೋರಿಸುತ್ತದೆ. ವೈಮಾನಿಕ ಮಾಹಿತಿಯು ಅಂತರರಾಷ್ಟ್ರೀಯವಾಗಿ 28 ದಿನಗಳಿಗೊಮ್ಮೆ ನವೀಕರಣಗೊಳ್ಳುತ್ತದೆ. ರೇಡಿಯೊ ತರಂಗಾಂತರ, ಮಾರ್ಗ, ಇಳಿಯುವ ವಿಧಾನ ಇವು ಬದಲಾಗಿರಬಹುದು. ಈ ಪುಟವನ್ನು ಓದದೆ ಗುಂಡಿ ಒತ್ತಿ ಮುಂದೆ ಸಾಗುವುದು, ಹಳೆಯ ದರಪಟ್ಟಿ ಹಿಡಿದು ಬಿಲ್ಲು ಬರೆದಂತೆ.

3. ಗಮ್ಯಸ್ಥಾನದ ನಮೂದು

'ಡೈರೆಕ್ಟ್-ಟು' ಗುಂಡಿಯನ್ನು ಒತ್ತಿ, ಬಲಬದಿಯ ಒಳನಾಬ್ ತಿರುಗಿಸಿ ಅಕ್ಷರವನ್ನು ಆರಿಸಬೇಕು. ಹೊರನಾಬ್‌ನಿಂದ ಮುಂದಿನ ಅಕ್ಷರಕ್ಕೆ ಸಾಗಬೇಕು. 'ಎಂಟರ್' ಗುಂಡಿಯನ್ನು ಒಮ್ಮೆ ಒತ್ತಿದರೆ ಸ್ಥಳ ಸ್ಥಿರವಾಗುತ್ತದೆ. ಮತ್ತೊಮ್ಮೆ ಒತ್ತಿದರೆ ಮಾರ್ಗ ಜಾರಿಗೆ ಬರುತ್ತದೆ. ಈ ಎರಡು ಒತ್ತುಗಳ ನಡುವಿನ ಅವಕಾಶವೇ ಪರಿಶೀಲನೆಯ ಸಮಯ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿಗೆ ನೇರ ದೂರ ಸುಮಾರು 165 ನಾಟಿಕಲ್ ಮೈಲಿ, ಎಂದರೆ 306 ಕಿ.ಮೀ.; ದಿಕ್ಕು ಬಹುತೇಕ ಪಶ್ಚಿಮ. ಪರದೆಯು 400 ಮೈಲಿಯನ್ನೋ ಪೂರ್ವ ದಿಕ್ಕನ್ನೋ ತೋರಿಸಿದರೆ ನಮೂದಿನಲ್ಲಿ ದೋಷವಿದೆಯೆಂದೇ ಅರ್ಥ.

ಈ ತಾಳೆಯ ಮಹತ್ವಕ್ಕೆ ಒಂದು ದುರಂತವೇ ಸಾಕ್ಷಿಯಾಗಿದೆ. 1995ರ ಡಿಸೆಂಬರ್ 20ರಂದು ಕೊಲಂಬಿಯಾದ ಕಾಲಿ ನಗರದಲ್ಲಿ ಇಳಿಯಬೇಕಿದ್ದ ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 757 ವಿಮಾನದ ಚಾಲಕರು, ರೋಜೊ ಎಂಬ ರೇಡಿಯೊ ಕೇಂದ್ರಕ್ಕಾಗಿ ಗಣಕದಲ್ಲಿ 'ಆರ್' ಅಕ್ಷರವನ್ನು ನಮೂದಿಸಿದರು. ಅದೇ ಅಕ್ಷರದ ಅಡಿಯಲ್ಲಿ ಮೊದಲು ಬಂದುದು ಬೊಗೋಟಾ ಬಳಿಯ ರೋಮಿಯೊ ಕೇಂದ್ರ. ಪರಿಶೀಲಿಸದೆ ಅದನ್ನೇ ಒಪ್ಪಿದ್ದರಿಂದ ವಿಮಾನವು ಪೂರ್ವಕ್ಕೆ ತಿರುಗಿತು. ಕೊನೆಗೆ ಬೆಟ್ಟಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 163 ಜನರಲ್ಲಿ 159 ಜನರು ಮೃತರಾದರು. ಆ ಗಣಕವು ಬೇರೆ ಬಗೆಯದಾದರೂ ಪಾಠ ಒಂದೇ. ಒಂದೇ ಹೆಸರಿನ ಎರಡು ಖಾತೆಗಳಿದ್ದಾಗ ಗುಮಾಸ್ತ ವಿಳಾಸ ನೋಡುವಂತೆ, ಒಂದೇ ಸಂಕೇತಾಕ್ಷರದ ಎರಡು ಸ್ಥಳಗಳಿದ್ದಾಗ ಚಾಲಕನು ದೂರ ಮತ್ತು ದಿಕ್ಕುಗಳನ್ನು ನೋಡಲೇಬೇಕು.

4. ನಕ್ಷೆಯ ಓದು

ಅನುಸರಿಸಬೇಕಾದ ಮಾರ್ಗವು ನೇರಳೆಗೆಂಪು ರೇಖೆಯಾಗಿ ಕಾಣುತ್ತದೆ. 'ರೇಂಜ್' ಗುಂಡಿಯಿಂದ ನಕ್ಷೆಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಇಲ್ಲಿ ತೋರುವ ವೇಗವು ನೆಲದ ಮೇಲಿನ ವೇಗವೇ ಹೊರತು ಗಾಳಿಯಲ್ಲಿನ ವೇಗವಲ್ಲ. ಗಂಟೆಗೆ 110 ನಾಟಿಕಲ್ ಮೈಲಿಯಂತೆ 165 ಮೈಲಿ ಕ್ರಮಿಸಲು 90 ನಿಮಿಷ ಸಾಕು. ಎದುರುಗಾಳಿಯಿಂದ ವೇಗ 90ಕ್ಕೆ ಇಳಿದರೆ 110 ನಿಮಿಷ ಬೇಕು. ಉಪಕರಣವು ಉಳಿದ ಸಮಯವನ್ನು ಹೇಳುತ್ತದೆ. ಆ ಹೆಚ್ಚುವರಿ 20 ನಿಮಿಷಕ್ಕೆ ಇಂಧನವಿದೆಯೇ ಎಂಬ ಲೆಕ್ಕವನ್ನು ಚಾಲಕನೇ ಹಾಕಬೇಕು.

ಮಾರ್ಗದಿಂದ ಎಷ್ಟು ಸರಿದಿದೆಯೆಂದು ಸೂಚಿಸುವ ಮುಳ್ಳಿನ ಅಳತೆಯೂ ಬದಲಾಗುತ್ತದೆ. ಪ್ರಯಾಣದ ಮಧ್ಯದಲ್ಲಿ ಮುಳ್ಳು ಪೂರ್ತಿ ಸರಿದರೆ 5 ನಾಟಿಕಲ್ ಮೈಲಿ. ನಿಲ್ದಾಣದ 30 ಮೈಲಿ ಒಳಗೆ 1 ಮೈಲಿ. ಜಿಪಿಎಸ್ ವಿಧಾನದಿಂದ ಇಳಿಯುವಾಗ 0.3 ಮೈಲಿ. 'ಸಿಡಿಐ' ಗುಂಡಿಯು ಈ ಮುಳ್ಳಿಗೆ ಜಿಪಿಎಸ್ ಅಥವಾ ನೆಲದ ರೇಡಿಯೊ ಕೇಂದ್ರವನ್ನು ಜೋಡಿಸುತ್ತದೆ. ಯಾವುದು ಜೋಡಣೆಯಾಗಿದೆ ಎಂಬುದನ್ನು ಇಳಿಯುವ ಮುನ್ನ ಗಮನಿಸತಕ್ಕದ್ದು.

5. ಸಂಕೇತದ ವಿಶ್ವಾಸಾರ್ಹತೆ

ಒಂದು ಉಪಗ್ರಹ ತಪ್ಪು ಮಾಹಿತಿ ನೀಡುತ್ತಿದ್ದರೆ ಅದನ್ನು ಗುರುತಿಸಲು 5 ಉಪಗ್ರಹಗಳೂ, ಅದನ್ನು ಬಿಟ್ಟು ಮುಂದುವರಿಯಲು 6 ಉಪಗ್ರಹಗಳೂ ಸಾಮಾನ್ಯವಾಗಿ ಬೇಕು. ಪರಿಶೀಲನೆ ಸಾಧ್ಯವಾಗದಾಗ ಜಿಎನ್‌ಎಸ್ 430ರ ಪರದೆಯಲ್ಲಿ 'ಇಂಟೆಗ್' ಎಂಬ ಎಚ್ಚರಿಕೆ ಮೂಡುತ್ತದೆ. ಆಗಲೂ ನಕ್ಷೆ ಚಲಿಸುತ್ತಿರಬಹುದು. ಆದರೆ ಅದು ಲೆಕ್ಕಪರಿಶೋಧನೆಯಾಗದ ಲೆಕ್ಕದಂತೆ. ಭಾರತದಲ್ಲಿ ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರಗಳು ರೂಪಿಸಿದ 'ಗಗನ್' ವ್ಯವಸ್ಥೆಯು, ಅದಕ್ಕೆ ತಕ್ಕ ಗ್ರಾಹಕ ಹೊಂದಿದ ವಿಮಾನಗಳಿಗೆ, ಜಿಪಿಎಸ್‌ನ ತಿದ್ದುಪಡಿಗಳನ್ನೂ ಎಚ್ಚರಿಕೆಗಳನ್ನೂ ಕಳುಹಿಸುತ್ತದೆ. ಅದರ ನಿಯಂತ್ರಣ ಕೇಂದ್ರ ಬೆಂಗಳೂರಿನಲ್ಲಿದೆ. ಬೇಕೆಂದೇ ಸಂಕೇತ ಕೆಡಿಸುವ ಅಥವಾ ಸುಳ್ಳು ಸಂಕೇತ ಬಿತ್ತರಿಸುವ ಕೃತ್ಯಗಳೂ ಹೆಚ್ಚಿದ್ದರಿಂದ, 2023ರ ನವೆಂಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಈ ಕುರಿತು ಸುತ್ತೋಲೆ ಹೊರಡಿಸಿತು.

ಒಟ್ಟಿನಲ್ಲಿ, ನಗದು ಪುಸ್ತಕವನ್ನು ಬ್ಯಾಂಕಿನ ಪಾಸ್ ಪುಸ್ತಕದೊಡನೆ ತಾಳೆ ನೋಡುವಂತೆ, ಪರದೆಯ ನಕ್ಷೆಯನ್ನು ದಿಕ್ಸೂಚಿ, ಗಡಿಯಾರ, ಕಾಗದದ ನಕ್ಷೆ ಮತ್ತು ಕಿಟಕಿಯಾಚೆಯ ನೆಲದೊಡನೆ ತಾಳೆ ನೋಡುತ್ತಿರಬೇಕು. ವಿಮಾನವನ್ನು ಬಾಡಿಗೆಗೆ ಪಡೆಯುವ ಉದ್ಯಮಿಯು ಗುಂಡಿಗಳನ್ನು ಒತ್ತಬೇಕಾಗಿಲ್ಲ. ಆದರೆ ದತ್ತಾಂಶ ನವೀಕರಣವನ್ನು ಅನಗತ್ಯ ವೆಚ್ಚವೆಂದು ಕಡಿತಗೊಳಿಸದಿರುವುದು, ಹೊರಡುವ ಮುನ್ನ ಪರಿಶೀಲನೆಗೆ ಚಾಲಕನು ಕೇಳುವ ಹತ್ತು ನಿಮಿಷವನ್ನು ಅವಸರವಿಲ್ಲದೆ ಕೊಡುವುದು, ಇವೆರಡೂ ಆತನ ಕೈಯಲ್ಲೇ ಇವೆ.