ಕೊಚ್ಚಿಯಲ್ಲಿ ಎರಡು ದಿನ

ಸೋದರಿ,

ವಿವಾಹಾನಂತರದ ಪ್ರಥಮ ಕ್ರಿಸ್ಮಸ್ಸನ್ನು ಫೋರ್ಟ್ ಕೊಚ್ಚಿಯಲ್ಲಿ ಕಳೆಯಬೇಕೆಂದು ನೀವು ಆಶಿಸುತ್ತಿರಲು, ನಿಮ್ಮ ಯಜಮಾನರು ಆ ಎರಡೇ ದಿನಗಳೊಳಗೆ ಮುನ್ನಾರನ್ನೂ ತುರುಕಲು ಹೊರಟಿರುವುದು ಸರಿಯಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ. 1503ರಲ್ಲಿ ಮರದ ಕಟ್ಟಡವಾಗಿ ಎದ್ದು ಅನಂತರ ಕಲ್ಲುಕಟ್ಟಡವಾದ, 1524ರಲ್ಲಿ ವಾಸ್ಕೋ ಡ ಗಾಮನ ದೇಹವನ್ನು ಮೊದಲು ಹೂಳಿದ ಸೇಂಟ್ ಫ್ರಾನ್ಸಿಸ್ ಚರ್ಚಿನೊಳಗೆ, ಹೊರಗಿನಿಂದ ಹಗ್ಗವೆಳೆದು ಬೀಸುತ್ತಿದ್ದ ಬಟ್ಟೆಯ ಪಂಖಾಗಳು ಇಂದಿಗೂ ತೂಗುತ್ತಿವೆ. ಅಲ್ಲಿಂದ ಹೊರಟು, ಹಗ್ಗಕ್ಕೆ ಕಟ್ಟಿದ ಗುಂಡುಕಲ್ಲುಗಳ ಭಾರದಿಂದ ಚೀನೀ ಬಲೆಗಳು ಮೇಲೇಳುವ ಕಡಲಂಚಿನವರೆಗೆ, ಮನೆಮನೆಯ ಕಾಗದದ ನಕ್ಷತ್ರದೀಪಗಳನ್ನು ನೋಡುತ್ತ ಇಬ್ಬರೂ ಮೆಲ್ಲನೆ ನಡೆಯಬೇಕಾದ ಊರಿದು.

ಆದರೆ ಅವರ ಉತ್ಸಾಹವನ್ನೂ ಅಲ್ಲಗಳೆಯಬೇಡಿರಿ. ಒಂದು ಪೂರ್ವಾಹ್ನವನ್ನು ಅವರಿಗೇ ಬಿಟ್ಟುಕೊಡಿರಿ. ಮುನ್ನಾರಿನ ಬದಲು ಆ ಹೊತ್ತಿನಲ್ಲಿ ನೋಡಲು ರಾಮಾಯಣದ ಭಿತ್ತಿಚಿತ್ರಗಳುಳ್ಳ ಮಟ್ಟಾಂಚೇರಿ ಅರಮನೆ ಸಮೀಪದಲ್ಲಿಯೇ ಇದೆ. ಈ ಹೊಂದಾಣಿಕೆಯ ಮಾತನ್ನು ಅವರೊಡನೆ ಹೊರಡುವ ಮುನ್ನವೇ ಆಡಿ ಮುಗಿಸಿರಿ. ವರ್ಷಾಂತ್ಯದ ಕಾರ್ನಿವಲ್ಲಿಗೆ ಜನ ಕಿಕ್ಕಿರಿಯುವುದರಿಂದ ಕೋಣೆಯನ್ನು ಈಗಲೇ ಕಾದಿರಿಸಿರಿ.