ಮುಧೋಳ ನಾಯಿ

ಅಕ್ಕಾ, ತಂಗೀ, ಮುಧೋಳ ನಾಯಿ ನೋಡೀರೇನು? ನಮ್ಮ ರೋಣದಿಂದ ಬಾದಾಮಿ ದಾಟಿ ಮುಂದೆ ಹೋದರೆ ಬಾಗಲಕೋಟೆ ಜಿಲ್ಲೆಯ ಮುಧೋಳ ಸಿಗುತ್ತದೆ. ಆ ಊರಿನ ಹೆಸರೇ ಈ ನಾಯಿಗೆ ಬಂದಿದೆ.

ಇದರ ಮೂಲ ತಳಿ ಬಹಳ ಹಿಂದೆ ಪಶ್ಚಿಮ ಏಷ್ಯಾದ ಕಡೆಯಿಂದ ಸೈನ್ಯದ ಸಂಗಡ ಬಂತು ಅಂತಾರೆ. ಇಲ್ಲಿಯ ನಾಯಿಗಳ ಜೊತೆ ಕೂಡಿ ಹೊಸ ತಳಿ ಆಯಿತು. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಅದನ್ನು ಜೋಪಾನ ಮಾಡಿ ಬೆಳೆಸಿದರು. 2005ರಲ್ಲಿ ಅಂಚೆ ಚೀಟಿಯ ಮೇಲೂ ಇದರ ಚಿತ್ರ ಬಂತು.

ಇದರ ತಲೆ ಉದ್ದ. ಎದೆ ಆಳ. ಸೊಂಟ ಸಣ್ಣ. ಕಾಲು ನೀಳ. ಕೂದಲು ಗಿಡ್ಡ. ಎತ್ತರ ಎರಡು ಅಡಿಗೂ ಹೆಚ್ಚು. ಕಣ್ಣು ಬಹಳ ಚುರುಕು. ಓಟಕ್ಕೆ ನಿಂತರೆ ಗಾಳಿಯಂತೆ ಓಡುತ್ತದೆ.

ಮನೆಯವರಿಗೆ ಇದು ನಂಬಿಗಸ್ತ ನಾಯಿ. ಹೊರಗಿನವರನ್ನು ಬೇಗ ಹತ್ತಿರ ಬಿಡದು. ಇಡೀ ದಿನ ಕಟ್ಟಿ ಹಾಕಿದರೆ ಸಿಡುಕು ಆಗುತ್ತದೆ. ದಿನಾ ಓಡಾಡಿಸಬೇಕು.

ಮುಧೋಳದ ಸುತ್ತಲಿನ ಹಳ್ಳಿಗಳಲ್ಲಿ ಮರಿ ಮಾರಿ ಸಂಸಾರಕ್ಕೆ ಆಸರೆ ಮಾಡಿಕೊಂಡವರು ಇದ್ದಾರೆ. ಹತ್ತಿರದ ತಿಮ್ಮಾಪುರದಲ್ಲಿ ನಾಯಿ ಸಂಶೋಧನಾ ಕೇಂದ್ರವೂ ಇದೆ. ಮರಿ ಕೊಳ್ಳುವಾಗ ಲಸಿಕೆಯ ಚೀಟಿ ಕೇಳಿರಿ. ಯಾವ ಲಸಿಕೆ? ಯಾವ ತಾರೀಖು? ನಾವೇ ಓದಿ ನೋಡೋಣ. ಈಗ ನಮಗೆ ಓದು ಬರುತ್ತದಲ್ಲ!

ನಾಯಿ ಯಾವ ತಳಿಯದೇ ಇರಲಿ, ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು. ಈ ರೋಗ ಮೈಯಲ್ಲಿ ಕಾಣಿಸಿಕೊಂಡರೆ ಮನುಷ್ಯರು ಬದುಕುವುದು ತೀರಾ ಅಪರೂಪ. ನಾಯಿ ಕಚ್ಚಿದರೆ ಗಾಯಕ್ಕೆ ಸುಣ್ಣ, ಖಾರ, ಅರಿಸಿಣ ಹಚ್ಚಬಾರದು. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಕೂಡಲೇ ಸರಕಾರಿ ದವಾಖಾನೆಗೆ ಹೋಗಬೇಕು. ಡಾಕ್ಟರು ಹೇಳಿದಷ್ಟೂ ಸೂಜಿ ಹಾಕಿಸಿಕೊಳ್ಳಬೇಕು. ನಡುವೆ ಬಿಡಬಾರದು.

ಈ ಮಾತನ್ನು ನೆರೆಮನೆಯವರಿಗೂ ಓದಿ ಹೇಳೋಣ.